ಒಂದೇ ಕಿವಿಯಲ್ಲಿ ಕೇಳುವ ನಟ: ಮಾರ್ಕ್ ರಫಲೊ ಬಗ್ಗೆ ನಿಮ್ಮ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಅಮೆರಿಕದ ನಟ ಮಾರ್ಕ್ ರಫಲೊ ಬಗ್ಗೆ ಚಿಕ್ಕದೊಂದು ಟಿಪ್ಪಣಿ ಹಾಕಿದ್ದೆವು. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಿಂದ ಪ್ರಶ್ನೆಗಳು ಬಂದಿವೆ. ಒಂದೇ ಥರದವನ್ನು ಕೂಡಿಸಿ, ಊರಿನ ಹೆಸರು ಮಾತ್ರ ಉಳಿಸಿಕೊಂಡು ಉತ್ತರ ಕೊಟ್ಟಿದ್ದೇವೆ.

ಹಸಿರು ದೈತ್ಯ ಹಲ್ಕ್ ಪಾತ್ರ ಬಿಟ್ಟರೆ ಈತನ ಯಾವ ಚಿತ್ರವನ್ನೂ ನೋಡಿಲ್ಲ. ಎಲ್ಲಿಂದ ಶುರು ಮಾಡಲಿ?
(ಹಾಸನ)

2004ರಿಂದ ಶುರು ಮಾಡಿ. ಆ ವರ್ಷ ಬಂದ ಅವರ ಚಿತ್ರಗಳಲ್ಲಿ ಮೂರನ್ನು ನೋಡಿ. ‘ಎಟರ್ನಲ್ ಸನ್‌ಶೈನ್ ಆಫ್ ದ ಸ್ಪಾಟ್‌ಲೆಸ್ ಮೈಂಡ್’ನಲ್ಲಿ ನೆನಪು ಅಳಿಸುವ ಯಂತ್ರದ ಮುಂದೆ ಕೂತು ಕೆಲಸ ಬಿಟ್ಟು ಬೇರೆಲ್ಲ ಮಾಡುವ ತಂತ್ರಜ್ಞ. ‘13 ಗೋಯಿಂಗ್ ಆನ್ 30’ರಲ್ಲಿ ಪ್ರೇಮಕಥೆಯ ಸಾಧು ಹುಡುಗ. ‘ಕೊಲ್ಯಾಟರಲ್’ನಲ್ಲಿ ಕೂದಲು ಹಿಂದಕ್ಕೆ ಬಾಚಿ, ಕಿವಿಗೆ ಓಲೆ ಸಿಕ್ಕಿಸಿಕೊಂಡ ಪೊಲೀಸ್ ಪತ್ತೇದಾರ. ಮೂರನ್ನೂ ಒಂದೇ ವಾರದಲ್ಲಿ ನೋಡಿದರೆ ಮೂರನೆಯದರಲ್ಲಿ ಇವರೇ ಅವರು ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯುತ್ತದೆ.

ಆಮೇಲೆ ಹಿಂದಕ್ಕೆ ಹೋಗಿ 2000ದ ‘ಯು ಕ್ಯಾನ್ ಕೌಂಟ್ ಆನ್ ಮಿ’ ನೋಡಿ. ದಿಕ್ಕಿಲ್ಲದೆ ಅಲೆದು ಅಕ್ಕನ ಮನೆಗೆ ಬರುವ ತಮ್ಮನ ಪಾತ್ರ. ಹೆಸರು ಬಂದದ್ದೇ ಅದರಿಂದ. ಅಲ್ಲಿಯವರೆಗೆ ಲಾಸ್ ಏಂಜಲೀಸ್‌ನಲ್ಲಿ ಸುಮಾರು ಒಂಬತ್ತು ವರ್ಷ ಬಾರ್‌ನಲ್ಲಿ ಗ್ಲಾಸ್ ತುಂಬಿಸುತ್ತಲೇ ಸ್ಟೆಲ್ಲಾ ಆಡ್ಲರ್ ಶಾಲೆಯಲ್ಲಿ ಕಲಿತ ನಟನೆಯನ್ನು ಸಣ್ಣ ರಂಗಮಂದಿರಗಳಲ್ಲಿ ಉಜ್ಜುತ್ತಿದ್ದರು. ಅಲ್ಲಿಂದ ‘ಜೋಡಿಯಾಕ್’ (2007), ‘ಸ್ಪಾಟ್‌ಲೈಟ್’ (2015), ‘ಡಾರ್ಕ್ ವಾಟರ್ಸ್’ (2019). ಕೊನೆಗೆ ‘ಪುವರ್ ಥಿಂಗ್ಸ್’ (2023). ಇಷ್ಟು ದಿನ ಗಂಭೀರವಾಗಿದ್ದ ಮನುಷ್ಯ ಅಲ್ಲಿ ಜಂಬದ ಕೋಳಿಯಾಗಿ ಕುಣಿದಿದ್ದಾರೆ. ಅದು ಮನೆಮಂದಿಯೆಲ್ಲ ಕೂತು ನೋಡುವ ಚಿತ್ರವಲ್ಲ, ಮೊದಲೇ ಹೇಳಿಬಿಡುತ್ತೇವೆ.

ಒಂದು ಕಿವಿ ಕೇಳಿಸುವುದಿಲ್ಲವಂತೆ, ನಿಜವೇ? ಹಾಗಿದ್ದರೆ ನಟಿಸುವುದು ಹೇಗೆ?
(ಸಕಲೇಶಪುರ)

ನಿಜ. 2001ರಲ್ಲಿ, ಹೆಸರು ಬಂದ ಬೆನ್ನಲ್ಲೇ, ಎಡಗಿವಿಯ ಹಿಂದೆ ಶ್ರವಣನರದ ಮೇಲೆ ಗೆಡ್ಡೆ ಪತ್ತೆಯಾಯಿತು. ಅದು ಕ್ಯಾನ್ಸರ್ ಅಲ್ಲ, ಆದರೆ ಜಾಗ ಕೆಟ್ಟದ್ದು: ಮುಖದ ಸ್ನಾಯುಗಳನ್ನು ಆಡಿಸುವ ನರವೂ ಅಲ್ಲೇ ಪಕ್ಕದಲ್ಲಿ ಹಾದುಹೋಗುತ್ತದೆ. ಶಸ್ತ್ರಚಿಕಿತ್ಸೆಯಾದ ಮೇಲೆ ಮುಖದ ಎಡಭಾಗ ತಿಂಗಳುಗಟ್ಟಲೆ ಸ್ವಾಧೀನ ತಪ್ಪಿತ್ತು. ಮುಖ ಮರಳಿತು, ಎಡಗಿವಿ ಮರಳಲಿಲ್ಲ. ಒಪ್ಪಿಕೊಂಡಿದ್ದ ‘ಸೈನ್ಸ್’ (Signs) ಚಿತ್ರ ಕೈಬಿಟ್ಟುಹೋಗಿ ಜೋಕಿನ್ ಫೀನಿಕ್ಸ್ ಪಾಲಾಯಿತು.

ಒಂದು ಕಿವಿ ಹೋದವರಿಗೆ ಶಬ್ದ ಕಡಿಮೆಯಾಗುವುದಕ್ಕಿಂತ ದೊಡ್ಡ ತೊಂದರೆ, ಶಬ್ದ ಎತ್ತಲಿಂದ ಬಂತು ಎಂದು ತಿಳಿಯದಿರುವುದು. ಗದ್ದಲದ ನಡುವೆ ಎದುರಿಗಿರುವವರ ಮಾತು ಹಿಡಿಯಲು ಅವರ ಮುಖ, ತುಟಿ ನೋಡಲೇಬೇಕು. ರಫಲೊ ತೆರೆಯ ಮೇಲೆ ಎದುರಿನವರ ಮಾತನ್ನು ತಲೆ ಸ್ವಲ್ಪ ವಾಲಿಸಿ, ಮೈಯೆಲ್ಲ ಕಿವಿಯಾಗಿ ಕೇಳುವುದನ್ನು ಗಮನಿಸಿ. ಇದಕ್ಕೆ ಕಾರಣ ಕಿವಿಯೋ ಕಲಿಕೆಯೋ, ಬಿಡಿಸಿ ಹೇಳಲಾಗದು. ನಮ್ಮ ಲೆಕ್ಕದಲ್ಲಿ ಅವರ ನಟನೆಯ ಮುಕ್ಕಾಲು ಪಾಲು ಕೇಳಿಸಿಕೊಳ್ಳುವುದರಲ್ಲೇ ಇದೆ.

ನಮ್ಮ ಕಾಲೇಜಿನ ನಾಟಕ ತಂಡಕ್ಕೆ ನಿಜವಾಗಿ ಬದುಕಿರುವ ವ್ಯಕ್ತಿಯ ಪಾತ್ರ ಬಂದಿದೆ. ರಫಲೊ ಇಂಥ ಪಾತ್ರಗಳಿಗೆ ಹೇಗೆ ತಯಾರಾಗುತ್ತಾರೆ?
(ಕಡೂರು)

‘ಸ್ಪಾಟ್‌ಲೈಟ್’ನಲ್ಲಿ ಬಾಸ್ಟನ್ ಗ್ಲೋಬ್ ಪತ್ರಿಕೆಯ ವರದಿಗಾರ ಮೈಕೆಲ್ ರೆಜೆಂಡಿಸ್ ಆಗುವ ಮೊದಲು ರಫಲೊ ಅವರ ಜೊತೆಗೇ ಓಡಾಡಿ, ಟಿಪ್ಪಣಿ ಮಾಡಿಕೊಂಡು, ಮಾತು ರೆಕಾರ್ಡ್ ಮಾಡಿಕೊಂಡರು. ‘ಫಾಕ್ಸ್‌ಕ್ಯಾಚರ್’ (2014) ಚಿತ್ರಕ್ಕೆ, 1984ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಕುಸ್ತಿಪಟು ಡೇವ್ ಶುಲ್ಟ್ಸ್ ಪಾತ್ರಕ್ಕಾಗಿ, ತಿಂಗಳುಗಟ್ಟಲೆ ಮ್ಯಾಟ್ ಮೇಲೆ ಅಭ್ಯಾಸ. ಶುಲ್ಟ್ಸ್ ಬದುಕಿರಲಿಲ್ಲ, 1996ರಲ್ಲಿ ಕೊಲೆಯಾದರು. ಹಾಗಾಗಿ ಅವರನ್ನು ಬಲ್ಲವರ ಮಾತು, ಹಳೆಯ ವಿಡಿಯೊಗಳೇ ಆಧಾರ. ಆ ಚಿತ್ರದ ಮೊದಲ ಭಾಗದಲ್ಲಿ ಡೇವ್, ಅವರ ತಮ್ಮ ಇಬ್ಬರೂ ಮಾತೇ ಇಲ್ಲದೆ ಕುಸ್ತಿ ಅಭ್ಯಾಸ ಮಾಡುವ ದೃಶ್ಯ ಬರುತ್ತದೆ. ಅಣ್ಣ ತಮ್ಮನ ಕತ್ತು ನೀವುವುದು, ಕೈ ಎಳೆದು ಸಡಿಲ ಮಾಡುವುದು, ಅಷ್ಟರಲ್ಲಿ ತಮ್ಮ ರೇಗುವುದು. ಇಬ್ಬರ ಸಂಬಂಧ ಎಂಥದ್ದೆಂದು ಅಷ್ಟರಲ್ಲೇ ಗೊತ್ತಾಗುತ್ತದೆ.

ನೀವು ಮಾಡಬಹುದಾದ್ದು ಇಷ್ಟು. ಆ ವ್ಯಕ್ತಿಯ ಜೊತೆ ಕನಿಷ್ಠ ಮೂರು ಬಾರಿ ಕೂರಿ. ಮೊದಲ ಸಲ ಏನೂ ಬರೆದುಕೊಳ್ಳಬೇಡಿ, ಬರೆಯುವವರ ಎದುರು ಜನ ಬಿಗಿಯಾಗುತ್ತಾರೆ. ಎರಡನೇ ಸಲ ಅವರು ಕೆಲಸ ಮಾಡುವ ಹೊತ್ತಿಗೆ ಹೋಗಿ. ಸುಮ್ಮನಿದ್ದಾಗ ಕೈ ಎಲ್ಲಿರುತ್ತದೆ, ನಿಂತಾಗ ಮೈಭಾರ ಯಾವ ಕಾಲಿನ ಮೇಲೆ, ಇಷ್ಟವಿಲ್ಲದ ಪ್ರಶ್ನೆ ಕೇಳಿದರೆ ಮೊದಲು ಅಲುಗುವುದು ಏನು, ಈ ಮೂರನ್ನು ಮಾತ್ರ ನೋಡಿ. ಮೂರನೇ ಸಲ, ಅವರು ಒಪ್ಪಿದರೆ, ನಿಮ್ಮ ಸಂಭಾಷಣೆಯನ್ನು ಅವರಿಂದಲೇ ಓದಿಸಿ ರೆಕಾರ್ಡ್ ಮಾಡಿ. ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂಬುದು ಅದರಲ್ಲಿ ಸಿಗುತ್ತದೆ.

ಕೆಡುವುದು ಎಲ್ಲಿ ಎಂದರೆ, ದನಿ ಮೊದಲು ಹಿಡಿಯಲು ಹೋದಾಗ. ದನಿ ಸಿಕ್ಕ ಕೂಡಲೇ ಗೆಳೆಯರು ನಗುತ್ತಾರೆ, ನಟ ಅಲ್ಲಿಗೇ ನಿಂತುಬಿಡುತ್ತಾನೆ. ಅದು ಮಿಮಿಕ್ರಿ. ‘ಜೋಡಿಯಾಕ್’ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಪತ್ತೇದಾರ ಡೇವ್ ಟೋಸ್ಕಿ ಆದಾಗ ರಫಲೊ ಬೋ ಟೈ ಕಟ್ಟಿದ್ದೂ ನಿಜ, ಪ್ರಾಣಿಯಾಕಾರದ ಬಿಸ್ಕತ್ತು ಮೆಲ್ಲುವುದೂ ನಿಜ. ಆದರೆ ನೆನಪಿನಲ್ಲಿ ನಿಲ್ಲುವುದು ವರ್ಷ ಕಳೆದಂತೆ ಆ ಭುಜಗಳು ಇಳಿಯುವ ರೀತಿ.

ಹಲ್ಕ್‌ನಲ್ಲಿ ನಟನೆ ಎಲ್ಲಿದೆ? ಎಲ್ಲ ಕಂಪ್ಯೂಟರ್ ತಾನೇ?
(ಅರಸೀಕೆರೆ)

ಎಲ್ಲ ಕಂಪ್ಯೂಟರ್ ಎನ್ನುವುದಾದರೆ ಯಕ್ಷಗಾನದ ಬಣ್ಣದ ವೇಷವೂ ಎಲ್ಲ ಅಕ್ಕಿಹಿಟ್ಟು, ಸುಣ್ಣ ಎನ್ನಬೇಕು. ಚುಟ್ಟಿಯ ಒಳಗೆ ಕುಣಿಯುವವರು ಒಬ್ಬರಿರುತ್ತಾರೆ.

ಎರಿಕ್ ಬಾನಾ, ಎಡ್ವರ್ಡ್ ನಾರ್ಟನ್ ಎಂಬ ನಟರು ಹಲ್ಕ್ ಆದ ಮೇಲೆ 2012ರ ‘ದಿ ಅವೆಂಜರ್ಸ್’ನಲ್ಲಿ ರಫಲೊ ಸರದಿ. ವಿಧಾನದ ಹೆಸರು ಪರ್ಫಾರ್ಮೆನ್ಸ್ ಕ್ಯಾಪ್ಚರ್. ಮೊದಲು ನಟನ ಮೈ, ಮುಖ, ಕೈಗಳನ್ನು ಸ್ಕ್ಯಾನ್ ಮಾಡುತ್ತಾರೆ. ನಟ ಮೈಗಂಟಿದ ಉಡುಪು ತೊಟ್ಟು, ಕೀಲುಗಳ ಬಳಿ ಗುರುತು ಚುಕ್ಕೆ ಅಂಟಿಸಿಕೊಂಡು ಬರುತ್ತಾರೆ. ಶುರುವಿಗೆ ಎರಡೂ ಕೈ ಚಾಚಿ ಶಿಲುಬೆಯಂತೆ ನಿಲ್ಲಬೇಕು. ಪ್ರತಿ ಕೀಲನ್ನೂ ಪೂರ್ತಿ ತಿರುಗಿಸಿ ತೋರಿಸಬೇಕು. ಕಂಪ್ಯೂಟರಿಗೆ ಅಳತೆ ಸಿಗುವುದು ಅದರಿಂದ. ಸುತ್ತಲಿನ ಕ್ಯಾಮೆರಾಗಳು ಚುಕ್ಕೆಗಳನ್ನು ಹಿಂಬಾಲಿಸಿ ಎಲುಬುಗೂಡಿನ ಚಲನೆ ಕಟ್ಟುತ್ತವೆ. ಮುಖಕ್ಕೆ ಬೇರೆ ವ್ಯವಸ್ಥೆ: ಹೆಲ್ಮೆಟ್‌ನಿಂದ ಮುಂದಕ್ಕೆ ಚಾಚಿದ ಕಡ್ಡಿಯ ತುದಿಯಲ್ಲಿ ಪುಟ್ಟ ಕ್ಯಾಮೆರಾ, ಮುಖದ ತುಂಬ ಮಸಿ ಚುಕ್ಕೆ.

ತಪ್ಪುವ ಜಾಗಗಳು ಹಲವು. ಕೈ ಮಡಚಿದರೆ ಎದೆಯ ಚುಕ್ಕೆ ಮರೆಯಾಗುತ್ತದೆ, ಕಂಪ್ಯೂಟರ್ ಒಂದು ಚುಕ್ಕೆಯನ್ನು ಇನ್ನೊಂದೆಂದು ತಿಳಿಯುತ್ತದೆ, ಮೊಣಕೈ ಹಿಂದಕ್ಕೆ ಮುರಿದಂತೆ ಕಾಣುತ್ತದೆ. ಅದನ್ನು ಕೂತು ಕೈಯಿಂದಲೇ ಸರಿಪಡಿಸಬೇಕು. ಎರಡನೆಯದು ಗಾತ್ರ. ರಫಲೊ ಎತ್ತರ ಐದೂಮುಕ್ಕಾಲು ಅಡಿಯ ಒಳಗೆ, ಹಲ್ಕ್ ಎಂಟು ಅಡಿಗೂ ಮೇಲೆ. ಇವರ ಹೆಜ್ಜೆಯನ್ನು ಹಾಗೇ ಆ ಮೈಗೆ ಹಾಕಿದರೆ ಪಾದ ನೆಲದ ಮೇಲೆ ಜಾರುತ್ತದೆ, ದೈತ್ಯ ಹತ್ತಿ ತುಂಬಿದ ಬೊಂಬೆಯಂತೆ ಹಗುರಾಗಿ ಕಾಣುತ್ತಾನೆ. ಹೆಜ್ಜೆ ಊರುವ ಮುನ್ನ ಒಂದು ಕ್ಷಣ ತಡೆದು ಭಾರ ತೋರಿಸುವುದು ನಟನ ಕೆಲಸ. ಮೂರನೆಯದು ನೋಟ. ಎದುರು ನಟಿಸುವವರು ರಫಲೊ ಮುಖ ನೋಡಿದರೆ ಹಲ್ಕ್‌ನ ಹೊಟ್ಟೆ ನೋಡಿದಂತಾಗುತ್ತದೆ. ಅದಕ್ಕೆ ಕೋಲಿನ ತುದಿಗೆ ತಲೆಯ ಗುರುತು ಕಟ್ಟಿ ಮೇಲೆ ಹಿಡಿದಿರುತ್ತಾರೆ. ಒಂದೇ ಕಿವಿಯ ನಟನಿಗೆ ಎದುರಿನವರು ತನ್ನ ತಲೆಯ ಮೇಲಕ್ಕೆ ನೋಡಿ ಮಾತಾಡುವುದು ಎಷ್ಟು ಫಜೀತಿ, ಯೋಚಿಸಿ.

ಗರ್ಜನೆ ಪೂರ್ತಿ ಅವರದ್ದಲ್ಲ. ಎಪ್ಪತ್ತರ ದಶಕದ ಟಿವಿ ಧಾರಾವಾಹಿಯಲ್ಲಿ ಹಲ್ಕ್ ಆಗಿದ್ದ ಲೂ ಫೆರಿಗ್ನೊ ದನಿಯನ್ನೂ ಅದರಲ್ಲಿ ಬೆರೆಸಿದ್ದಾರೆ.

ಅವಳಿ ಸಹೋದರರಾಗಿ ಇಬ್ಬರನ್ನೂ ತಾವೇ ಮಾಡಿದ್ದಾರಂತೆ. ನಮ್ಮಲ್ಲಿ ದ್ವಿಪಾತ್ರ ಹೊಸದೇನಲ್ಲವಲ್ಲ?
(ಚನ್ನರಾಯಪಟ್ಟಣ)

ಹೊಸದಲ್ಲ. ಆದರೆ ನಮ್ಮಲ್ಲಿ ಬೆಳಿಗ್ಗೆ ಮೀಸೆ ಅಂಟಿಸಿ ಅಣ್ಣ, ಮಧ್ಯಾಹ್ನ ಕಿತ್ತು ತಮ್ಮ. ‘ಐ ನೋ ದಿಸ್ ಮಚ್ ಈಸ್ ಟ್ರೂ’ (2020, ಆರು ಕಂತು) ಸರಣಿಯಲ್ಲಿ ಡಾಮಿನಿಕ್ ಪಾತ್ರವನ್ನು ಮೊದಲು ಪೂರ್ತಿ ಚಿತ್ರೀಕರಿಸಿ, ಹಲವು ವಾರ ಕೆಲಸ ನಿಲ್ಲಿಸಿದರು. ಆ ಬಿಡುವಿನಲ್ಲಿ ರಫಲೊ ಸುಮಾರು 30 ಪೌಂಡ್, ಅಂದರೆ 13 ಕಿಲೊಗೂ ಮೇಲೆ ತೂಕ ಏರಿಸಿಕೊಂಡು ಥಾಮಸ್ ಆಗಿ ಬಂದರು. ಇಬ್ಬರೂ ಇರುವ ದೃಶ್ಯಗಳಲ್ಲಿ ಎದುರಿಗೆ ಗೇಬ್ ಫಾಜಿಯೊ ಎಂಬ ನಟ ಇನ್ನೊಬ್ಬ ಸಹೋದರನಾಗಿ ನಿಂತು ಆಡಿದರು. ಖಾಲಿ ಜಾಗ ನೋಡಿ ನಟಿಸಿದರೆ ಮಾತಿನ ನಡುವಿನ ಅಂತರ ಸುಳ್ಳಾಗಿ ಕೇಳುತ್ತದೆ, ಅದಕ್ಕೆ ಈ ಏರ್ಪಾಡು. ಎಮ್ಮಿ, ಗೋಲ್ಡನ್ ಗ್ಲೋಬ್ ಪ್ರಶಸ್ತಿ ಎರಡೂ ಬಂದವು.

‘ಡಾರ್ಕ್ ವಾಟರ್ಸ್’ ಕಥೆ ಎಷ್ಟು ನಿಜ? ನೋಡಿದ ಮೇಲೆ ನಾನ್‌ಸ್ಟಿಕ್ ಕಾವಲಿ ಮುಟ್ಟಲು ಭಯ.
(ತರೀಕೆರೆ)

ಬೆನ್ನೆಲುಬು ನಿಜ. ವೆಸ್ಟ್ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಬಳಿ ವಿಲ್ಬರ್ ಟೆನೆಂಟ್ ಎಂಬ ರೈತರ ದನಗಳು ಸಾಲುಸಾಲಾಗಿ ಸತ್ತವು. ಪಕ್ಕದಲ್ಲೇ ಡುಪಾಂಟ್ ಕಂಪನಿಯ ಕಸದ ಗುಂಡಿ, ಅಲ್ಲಿಂದ ಹರಿದು ಬರುವ ಹಳ್ಳ. 1998ರಲ್ಲಿ ಅವರು ಸಿನ್ಸಿನಾಟಿಯ ವಕೀಲ ರಾಬ್ ಬಿಲಾಟ್‌ಗೆ ಫೋನ್ ಮಾಡಿದರು. ಚಿತ್ರದಲ್ಲಿ ರಫಲೊ ಮಾಡಿದ್ದು ಈ ಬಿಲಾಟ್ ಪಾತ್ರ. ಬಿಲಾಟ್ ಅದುವರೆಗೆ ರಾಸಾಯನಿಕ ಕಂಪನಿಗಳ ಪರ ವಾದಿಸುತ್ತಿದ್ದವರು. 1999ರಲ್ಲಿ ದಾವೆ. ಕೋರ್ಟ್ ಮೂಲಕ ಕೇಳಿದ್ದಕ್ಕೆ ಕಂಪನಿ ಲಕ್ಷಕ್ಕೂ ಹೆಚ್ಚು ಪುಟ ಕಳಿಸಿತು. ಆ ರಾಶಿಯೊಳಗೆ ಸಿಕ್ಕಿದ್ದು ಪಿಎಫ್‌ಒಎ ಎಂಬ ಹೆಸರು, ಟೆಫ್ಲಾನ್ ತಯಾರಿಯಲ್ಲಿ ಬಳಸುತ್ತಿದ್ದ ವಸ್ತು.

ಜಾಣತನ ಇರುವುದು ಮುಂದಿನ ಹೆಜ್ಜೆಯಲ್ಲಿ. ಆ ನೀರು ಕುಡಿದ ಊರುಗಳ ಜನರ ದಾವೆ 2004ರಲ್ಲಿ ರಾಜಿಯಾದಾಗ ಬಂದ 7 ಕೋಟಿ ಡಾಲರನ್ನು ಹಂಚಿಕೊಂಡು ಮನೆಗೆ ಹೋಗುವ ಬದಲು, ಬಂದು ಪರೀಕ್ಷೆಗೆ ರಕ್ತ ಕೊಟ್ಟವರಿಗೆ ತಲಾ 400 ಡಾಲರ್ ಎಂದರು. ಸುಮಾರು 69,000 ಜನ ತೋಳು ಚಾಚಿದರು. ಅಷ್ಟು ದೊಡ್ಡ ಲೆಕ್ಕ ಕೈಗೆ ಬಂದದ್ದರಿಂದಲೇ, ಎರಡೂ ಕಡೆಯವರು ಒಪ್ಪಿದ ವಿಜ್ಞಾನಿಗಳ ಸಮಿತಿ 2012ರ ಹೊತ್ತಿಗೆ ಈ ವಸ್ತುವಿಗೂ ಆರು ಕಾಯಿಲೆಗಳಿಗೂ ನಂಟು ಹೇಳಲು ಸಾಧ್ಯವಾಯಿತು: ಮೂತ್ರಪಿಂಡದ ಕ್ಯಾನ್ಸರ್, ವೃಷಣದ ಕ್ಯಾನ್ಸರ್, ಥೈರಾಯ್ಡ್ ಕಾಯಿಲೆ, ದೊಡ್ಡ ಕರುಳಿನ ಹುಣ್ಣು, ಗರ್ಭಿಣಿಯರ ರಕ್ತದೊತ್ತಡ, ಹೆಚ್ಚಿದ ಕೊಲೆಸ್ಟ್ರಾಲ್. 2017ರಲ್ಲಿ ಮೂರೂವರೆ ಸಾವಿರ ದಾವೆಗಳು ಸುಮಾರು 67 ಕೋಟಿ ಡಾಲರಿಗೆ ಇತ್ಯರ್ಥವಾದವು. ಚಿತ್ರ ಇದೆಲ್ಲವನ್ನೂ ಎರಡು ಗಂಟೆಗೆ ಇಳಿಸಿದೆ. ಮನೆಯೊಳಗಿನ ಜಗಳಗಳಿಗೆ ಸಿನಿಮಾದ ಉಪ್ಪುಖಾರ ಬಿದ್ದಿದೆ. 2016ರ ಪತ್ರಿಕಾ ಲೇಖನ ಓದಿ ಈ ಚಿತ್ರದ ಬೆನ್ನು ಹತ್ತಿದ್ದೂ, ನಿರ್ಮಾಪಕರಲ್ಲಿ ಒಬ್ಬರಾದದ್ದೂ ರಫಲೊ. ತಮಾಷೆ ನೋಡಿ: ‘ಫಾಕ್ಸ್‌ಕ್ಯಾಚರ್’ನಲ್ಲಿ ಶುಲ್ಟ್ಸ್‌ಗೆ ಗುಂಡಿಕ್ಕುವ ಜಾನ್ ಡುಪಾಂಟ್ ಇದೇ ಮನೆತನದ ವಾರಸುದಾರ.

ಎಷ್ಟು ಪಿಎಫ್‌ಒಎ ಹೆಚ್ಚು? ಅಮೆರಿಕ 2024ರಲ್ಲಿ ಕುಡಿಯುವ ನೀರಿಗೆ ಇಟ್ಟ ಮಿತಿ ಲೀಟರಿಗೆ 4 ನ್ಯಾನೊಗ್ರಾಂ (ಒಂದು ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು ಒಂದು ನ್ಯಾನೊಗ್ರಾಂ). ನಮ್ಮ ಅಳತೆಗೆ ಹೇಳುವುದಾದರೆ ಗೊರೂರಿನ ಹೇಮಾವತಿ ಜಲಾಶಯ ತುಂಬಿದಾಗ ಸುಮಾರು 37 ಟಿಎಂಸಿ ನೀರು. ಅಷ್ಟೂ ನೀರಿಗೆ ನಾಲ್ಕು ಕಿಲೊ ಚಿಲ್ಲರೆ ಬೆರೆತರೆ ಆ ಮಿತಿ ಮುಟ್ಟಿತು.

ಕಾವಲಿಯ ವಿಷಯಕ್ಕೆ ಬಂದರೆ, ಚಿತ್ರ ಹೇಳುವ ಅಪಾಯ ಮುಖ್ಯವಾಗಿ ಕಾರ್ಖಾನೆಯಿಂದ ನೀರಿಗೆ ಇಳಿದದ್ದು. ಅಲ್ಲಿನ ದೊಡ್ಡ ಕಂಪನಿಗಳು 2015ರೊಳಗೆ ಪಿಎಫ್‌ಒಎ ಬಳಕೆ ಕೈಬಿಟ್ಟವು. ಮನೆಯಲ್ಲಿ ನೋಡಿಕೊಳ್ಳಬೇಕಾದ್ದು ಬಿಸಿ: ಸುಮಾರು 260 ಡಿಗ್ರಿ ದಾಟಿದರೆ ಲೇಪನ ಹಾಳಾಗಲು ಶುರು. ಖಾಲಿ ಕಾವಲಿಯನ್ನು ದೊಡ್ಡ ಉರಿಯ ಮೇಲಿಟ್ಟು ಅಕ್ಕಿರೊಟ್ಟಿ ತಟ್ಟಲು ಆಚೆ ಹೋಗಬೇಡಿ. ರೊಟ್ಟಿಗೆ ಕಬ್ಬಿಣದ ಕಾವಲಿಯೇ ವಾಸಿ, ರುಚಿಗೂ.

ಫ್ರ್ಯಾಕಿಂಗ್ ವಿರುದ್ಧ ಹೋರಾಡಿದರು ಎಂದು ಬರೆದಿದ್ದಿರಿ. ಅದೇನು, ಇವರು ಮಾಡಿದ್ದೇನು?
(ಬೇಲೂರು)

ಒಂದೆರಡು ಕಿಲೊಮೀಟರ್ ಆಳಕ್ಕೆ ಬೋರ್ ಕೊರೆದು, ಕೆಳಗೆ ಅಡ್ಡಕ್ಕೆ ತಿರುಗಿಸಿ ಮತ್ತೆ ಕಿಲೊಮೀಟರಿಗೂ ಹೆಚ್ಚು ಕೊರೆದು, ಭಾರಿ ಒತ್ತಡದಲ್ಲಿ ನೀರು, ಮರಳು, ರಾಸಾಯನಿಕ ನುಗ್ಗಿಸಿ ಶೇಲ್ ಕಲ್ಲನ್ನು ಸೀಳುವುದು. ಬಿರುಕಿನಿಂದ ಅನಿಲ ಮೇಲೆ ಬರುತ್ತದೆ; ಬಿರುಕು ಮುಚ್ಚದಂತೆ ತಡೆಯುವುದು ಮರಳು. ಒಂದು ಬಾವಿಗೆ ಕೋಟಿ ಲೀಟರಿಗೂ ಹೆಚ್ಚು ನೀರು ಬೇಕು. ಕೆಡುವುದು ಹೆಚ್ಚಾಗಿ ಎರಡು ಕಡೆ: ಕೊಳವೆಯ ಸುತ್ತ ಹಾಕಿದ ಸಿಮೆಂಟ್ ಬಿರುಕು ಬಿಟ್ಟರೆ ಅನಿಲ ಕುಡಿಯುವ ನೀರಿನ ಪದರಕ್ಕೆ ಸೇರುತ್ತದೆ, ಒತ್ತಿದ ನೀರು ಉಪ್ಪು, ರೇಡಿಯಂ ಹೊತ್ತು ಮೇಲೆ ಬಂದಾಗ ಅದನ್ನು ಎಲ್ಲಿ ಚೆಲ್ಲುವುದೆಂಬ ಸಮಸ್ಯೆ.

ರಫಲೊ ನ್ಯೂಯಾರ್ಕ್ ರಾಜ್ಯದ ಕ್ಯಾಲಿಕೂನ್‌ನಲ್ಲಿ, ಡೆಲಾವೇರ್ ನದಿಯ ಕಡೆ, ಮನೆ ಮಾಡಿಕೊಂಡಿದ್ದರು. ಪಕ್ಕದ ಪೆನ್ಸಿಲ್ವೇನಿಯಾದ ಡಿಮೊಕ್ ಊರಿಗೆ ಹೋಗಿ ಬಾವಿ ಕೆಟ್ಟವರ ಮಾತು ಕೇಳಿದರು. 2011ರ ಡಿಸೆಂಬರಿನಲ್ಲಿ ಅಲ್ಲಿಗೆ ನೀರು ಹೊತ್ತು ಹೋದವರಲ್ಲಿ ಅವರೂ ಒಬ್ಬರು. ಅದೇ ಸುಮಾರಿಗೆ ವಾಟರ್ ಡಿಫೆನ್ಸ್ ಸಂಸ್ಥೆ ಕಟ್ಟಿದರು. ಬೇಡ ಎಂದರೆ ಬದಲಿಗೆ ಏನು ಎಂಬ ಪ್ರಶ್ನೆ ಬಂದೇ ಬರುತ್ತದಲ್ಲ, ಅದಕ್ಕೆ ಸ್ಟ್ಯಾನ್‌ಫರ್ಡ್‌ನ ಮಾರ್ಕ್ ಜೇಕಬ್ಸನ್ ಜೊತೆ ಸೊಲ್ಯೂಷನ್ಸ್ ಪ್ರಾಜೆಕ್ಟ್; ಅಮೆರಿಕದ 50 ರಾಜ್ಯಗಳಿಗೂ ಗಾಳಿ, ನೀರು, ಬಿಸಿಲಿನ ವಿದ್ಯುತ್ತಿನ ಲೆಕ್ಕ ಹಾಕಿಸಿದರು. 2014ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ನಿಷೇಧ ಘೋಷಿಸಿತು, 2021ರಲ್ಲಿ ಡೆಲಾವೇರ್ ಕಣಿವೆಗೂ ನಿಷೇಧ ಬಂತು. ಇದು ಒಬ್ಬ ನಟನ ಗೆಲುವಲ್ಲ. ನೂರಾರು ಊರಿನ ಸಭೆಗಳು ಮೊದಲೇ ನಿರ್ಣಯ ಬರೆದಿದ್ದವು, ಇವರು ಕ್ಯಾಮೆರಾಗಳನ್ನು ಆ ಸಭೆಗಳತ್ತ ತಿರುಗಿಸಿದರು.

ಎಲ್ಲ ಕಡೆ ಗೆದ್ದಿಲ್ಲ. 2016ರಲ್ಲಿ ಸ್ಟ್ಯಾಂಡಿಂಗ್ ರಾಕ್‌ನಲ್ಲಿ ತೈಲ ಕೊಳವೆಯ ವಿರುದ್ಧ ಕೂತಿದ್ದ ಮೂಲನಿವಾಸಿಗಳಿಗೆ ಸೌರ ವಿದ್ಯುತ್ತಿನ ಟ್ರೇಲರ್‌ಗಳನ್ನು ತಲುಪಿಸಿದರು. ಮರುವರ್ಷ ಕೊಳವೆಯಲ್ಲಿ ತೈಲ ಹರಿಯಿತು.

ನಟರ ಹೋರಾಟವೆಲ್ಲ ಪ್ರಚಾರಕ್ಕೆ ಎನ್ನುತ್ತಾರೆ. ಇವರೂ ಎಡವಿದ್ದುಂಟೇ? ಇನ್ನೊಂದು ಮಾತು: ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಕಾಲದಲ್ಲಿ ನಮ್ಮ ತೋಟದ ಕೆಳಗಿನ ಬಾವಿ ನಾರುತ್ತದೆ. ನೀರು ಪರೀಕ್ಷೆಗೆ ಕೊಡುವುದು ಹೇಗೆ?
(ಮೂಡಿಗೆರೆ)

ಎರಡಕ್ಕೂ ಉತ್ತರ ಒಂದೇ ಊರಿನಲ್ಲಿದೆ. ಮಿಶಿಗನ್‌ನ ಫ್ಲಿಂಟ್‌ನಲ್ಲಿ ನಲ್ಲಿ ನೀರಿಗೆ ಸೀಸ ಸೇರಿ ದೊಡ್ಡ ರಂಪವಾಯಿತು. 2016ರಲ್ಲಿ ವಾಟರ್ ಡಿಫೆನ್ಸ್ ಅಲ್ಲಿಗೆ ಹೋಗಿ, ಸ್ಪಂಜಿನಂಥ ವಸ್ತುವನ್ನು ನೀರಿಗೆ ಹಾಕಿ ಮಾದರಿ ತೆಗೆದು, ಬಿಸಿನೀರಿನಲ್ಲಿ ಕ್ಲೋರೋಫಾರ್ಮ್ ಮುಂತಾದವು ಇವೆ ಎಂದು ಸಾರಿತು. ಜನ ಸ್ನಾನಕ್ಕೂ ಹೆದರಿದರು. ಸೀಸವನ್ನು ಅಳೆದು ಬಯಲಿಗೆಳೆದಿದ್ದ ವರ್ಜೀನಿಯಾ ಟೆಕ್‌ನ ಮಾರ್ಕ್ ಎಡ್ವರ್ಡ್ಸ್ ಇದನ್ನು ಖಂಡಿಸಿದರು. ಕ್ಲೋರಿನ್ ಹಾಕಿದ ಯಾವ ಊರಿನ ನೀರಿನಲ್ಲೂ ಇವು ಅಷ್ಟಿಷ್ಟು ಹುಟ್ಟುತ್ತವೆ. ಸ್ಪಂಜು ಎಷ್ಟು ಲೀಟರಿನಿಂದ ಎಷ್ಟು ಹೀರಿತು ಎಂಬ ಲೆಕ್ಕವಿಲ್ಲದಿದ್ದರೆ ಬಂದ ಅಂಕಿಯನ್ನು ಯಾವ ಮಿತಿಗೆ ಹೋಲಿಸುವುದು? ರಫಲೊ ಉದ್ದೇಶದಲ್ಲಿ ನಮಗೆ ಅನುಮಾನವಿಲ್ಲ. ಆದರೆ ಮಾದರಿ ತೆಗೆಯುವ ಕೈ ತಪ್ಪಿದರೆ ಉದ್ದೇಶ ಯಾವ ಕೆಲಸಕ್ಕೂ ಬರುವುದಿಲ್ಲ.

ಈಗ ನಿಮ್ಮ ಬಾವಿ. ಜಿಲ್ಲಾ ಕೇಂದ್ರದಲ್ಲಿ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯವಿದೆ; ಮೊದಲು ವಿಚಾರಿಸಿ, ಅವರು ತೆಗೆದುಕೊಳ್ಳುವ ದಿನ ನೋಡಿ ಹೊರಡಿ. ಎರಡು ಬಾಟಲಿ ಬೇಕು. ರಾಸಾಯನಿಕ ಪರೀಕ್ಷೆಗೆ ಒಂದೆರಡು ಲೀಟರಿನ ಶುಚಿಯಾದ ಪ್ಲಾಸ್ಟಿಕ್ ಕ್ಯಾನು. ಅದೇ ನೀರಿನಿಂದ ಮೂರು ಸಲ ಗಲಬರಿಸಿ ತುಂಬಿಸಿ. ತಂಪು ಪಾನೀಯದ ಹಳೇ ಬಾಟಲಿ ಬೇಡ, ಸಕ್ಕರೆಯಂಶ ಅಳತೆ ಕೆಡಿಸುತ್ತದೆ. ಬ್ಯಾಕ್ಟೀರಿಯಾ ಪರೀಕ್ಷೆಗೆ ಪ್ರಯೋಗಾಲಯದವರೇ ಕೊಡುವ ಕ್ರಿಮಿಶುದ್ಧ ಬಾಟಲಿ, ಇದನ್ನು ತೊಳೆಯಲೇಬಾರದು. ಮೋಟಾರ್ ಇದ್ದರೆ ಎರಡು ಮೂರು ನಿಮಿಷ ನೀರು ಬಿಟ್ಟು, ಮುಚ್ಚಳದ ಒಳಭಾಗ ಮುಟ್ಟದೆ, ಮೇಲೆ ಒಂದಿಂಚು ಖಾಲಿ ಬಿಟ್ಟು ಹಿಡಿಯಿರಿ. ಐಸ್ ಹಾಕಿದ ಡಬ್ಬಿಯಲ್ಲಿಟ್ಟು ಅದೇ ದಿನ ತಲುಪಿಸಿ. ಮೂಡಿಗೆರೆಯಿಂದ ಬಸ್ಸಿನ ಡಿಕ್ಕಿಯಲ್ಲಿ ಬಿಸಿಲು ಕಾಯಿಸಿ ತಂದ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ದಾರಿಯಲ್ಲೇ ಸಂಸಾರ ಹೂಡಿರುತ್ತದೆ.

ಮುಖ್ಯವಾದದ್ದು ಎರಡು ಮಾದರಿ: ಒಂದು ಪಲ್ಪಿಂಗ್ ಶುರುವಾಗುವ ಮೊದಲು, ಇನ್ನೊಂದು ಜನವರಿಯ ಭರಾಟೆಯಲ್ಲಿ. ಮೊದಲಿನದಿಲ್ಲದೆ ಎರಡನೆಯದಕ್ಕೆ ಬೆಲೆಯಿಲ್ಲ, ಫ್ಲಿಂಟ್‌ನಲ್ಲಿ ಆದದ್ದೇ ಆಗುತ್ತದೆ. ಪಿಎಚ್ (ನೀರಿನ ಹುಳಿ, ಕ್ಷಾರದ ಅಳತೆ), ನೈಟ್ರೇಟ್, ಇ-ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಕೇಳಿ. ಕುಡಿಯುವ ನೀರಿಗೆ ಪಿಎಚ್ 6.5ರಿಂದ 8.5, ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು, ಇ-ಕೋಲಿ ಇರಲೇಬಾರದು. ಕಾಫಿ ಹಣ್ಣಿನ ಲೋಳೆ ಹುಳಿತರೆ ನೀರು ಆಮ್ಲವಾಗುತ್ತದೆ, ನೀರಿನ ಆಮ್ಲಜನಕ ತಿಂದುಹಾಕುತ್ತದೆ, ನಾತ ಅದರದ್ದೇ. ಹಳ್ಳದ ನೀರಾದರೆ ಬಿಒಡಿ, ಅಂದರೆ ಕೊಳೆ ಎಷ್ಟು ಆಮ್ಲಜನಕ ತಿನ್ನುತ್ತದೆ ಎಂಬ ಪರೀಕ್ಷೆ, ಸಹ ಮಾಡಿಸಿ. ನಮ್ಮ ಮಾನಕದಂತೆ 27 ಡಿಗ್ರಿಯಲ್ಲಿ ಮೂರು ದಿನ ಇಟ್ಟು ಅಳೆಯುತ್ತಾರೆ, ಹಾಗಾಗಿ ವರದಿಗೆ ಅವಸರ ಮಾಡಬೇಡಿ.

ನಮ್ಮ ನಟರು ಯಾಕೆ ಹೀಗೆ ಬೀದಿಗಿಳಿಯುವುದಿಲ್ಲ?
(ಚಿಕ್ಕಮಗಳೂರು)

1982ರಲ್ಲಿ ಗೋಕಾಕ್ ಚಳವಳಿಗೆ ರಾಜ್‌ಕುಮಾರ್ ಇಳಿದ ಮೇಲೆ ಏನಾಯಿತು ಎಂದು ಮನೆಯ ಹಿರಿಯರನ್ನು ಕೇಳಿ. ಇನ್ನು ನಿಮ್ಮದೇ ಜಿಲ್ಲೆಯ ಕುದುರೆಮುಖದ ಗಣಿ ಯಾವ ನಟನ ಭಾಷಣದಿಂದಲೂ ನಿಲ್ಲಲಿಲ್ಲ. ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪ ಹೆಸರಿನ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2002ರ ಅಕ್ಟೋಬರಿನಲ್ಲಿ ತೀರ್ಪು ಕೊಟ್ಟಿತು, 2005ರ ಕೊನೆಗೆ ಗಣಿ ಬಂದಾಯಿತು. ರಾಬ್ ಬಿಲಾಟ್ ಕೂತದ್ದು ಇಂಥದೇ ಕಾಗದಗಳ ರಾಶಿಯ ನಡುವೆ.

ಆಸ್ಕರ್ ಬಂದಿದೆಯೇ?
(ಆಲೂರು)

ಇಲ್ಲ. ನಾಲ್ಕು ಬಾರಿ ನಾಮನಿರ್ದೇಶನ, ನಾಲ್ಕೂ ಪೋಷಕ ನಟನ ವಿಭಾಗದಲ್ಲಿ: ‘ದ ಕಿಡ್ಸ್ ಆರ್ ಆಲ್ ರೈಟ್’, ‘ಫಾಕ್ಸ್‌ಕ್ಯಾಚರ್’, ‘ಸ್ಪಾಟ್‌ಲೈಟ್’, ‘ಪುವರ್ ಥಿಂಗ್ಸ್’. ‘ಡಾರ್ಕ್ ವಾಟರ್ಸ್’ಗೆ ನಾಮನಿರ್ದೇಶನವೂ ಬರಲಿಲ್ಲ.